ಗೆಳೆಯನ ಮದುವೆಗೆ ಬರೀ ಫಿಲಂ ಕ್ಯಾಮೆರಾ ಹಿಡಿದು ಹೋಗುವುದು ಹೇಗೆ

ಲಗ್ನಪತ್ರಿಕೆ ಕೈಗೆ ಬಂದ ದಿನವೇ ನಿಮ್ಮ ಫೋಟೊ ಕೆಲಸ ಶುರುವಾಗುತ್ತದೆ. ಮುಹೂರ್ತ ಎಷ್ಟು ಹೊತ್ತಿಗೆ, ಆರತಕ್ಷತೆ ಒಳಗೋ ಹೊರಗೋ, ಅರಿಶಿನ ಶಾಸ್ತ್ರ ಬೆಳಿಗ್ಗೆಯೋ ಸಂಜೆಯೋ, ಇದೆಲ್ಲ ಅದರಲ್ಲೇ ಇರುತ್ತದೆ. ಇಲ್ಲದಿದ್ದರೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಹೊತ್ತು ಗೊತ್ತಾದರೆ ಬೆಳಕು ಹೇಗಿರುತ್ತದೆ ಅಂತ ಗೊತ್ತಾಯಿತು. ಬೆಳಕು ಗೊತ್ತಾದರೆ ಯಾವ ರೋಲ್ ತಗೋಬೇಕು ಅಂತ ಗೊತ್ತಾಯಿತು. ಡಿಜಿಟಲ್‌ನಲ್ಲಿ ಐಎಸ್‌ಓ (ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ನಿಂತಲ್ಲೇ ಬದಲಾಯಿಸಬಹುದು, ಫಿಲಂನಲ್ಲಿ ಒಂದು ರೋಲ್ ಹಾಕಿದರೆ 36 ಫೋಟೊ ಮುಗಿಯುವ ತನಕ ಅದೇ. ಹಾಗಾಗಿ ಬರೀ ಫಿಲಂ ಅಂತ ಹೊರಡುವವರು ಅರ್ಧ ಕೆಲಸವನ್ನು ಮನೆಯಲ್ಲೇ ಕೂತು ಮುಗಿಸಬೇಕು.

ಈಗ ಬೆಂಗಳೂರಿನವರು ಮದುವೆ ಮಾಡಿಕೊಳ್ಳಲು ನಮ್ಮ ಮೈಸೂರು, ಮಂಡ್ಯ ಕಡೆ ಬರುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದ ರೆಸಾರ್ಟು, ಮೈಸೂರಿನ ಹಳೇ ಬಂಗಲೆಯ ಹೋಟೆಲು, ಇಲ್ಲಾ ಮೇಲುಕೋಟೆಯ ಛತ್ರ. ಎರಡು ದಿನ ಅಲ್ಲೇ ಇರಬೇಕು, ಊಟ ತಿಂಡಿ ನಿದ್ದೆ ಎಲ್ಲಾ ಅಲ್ಲೇ. ಫಿಲಂನವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಯಾಕೆಂದರೆ ಬೆಳಗಿನ ಜಾವದಿಂದ ರಾತ್ರಿ ತನಕ ಎಲ್ಲಾ ಥರದ ಬೆಳಕೂ ಸಿಗುತ್ತದೆ, ಆತುರ ಇರುವುದಿಲ್ಲ, ಜನ ಕ್ಯಾಮೆರಾ ಮರೆತು ಓಡಾಡಿಕೊಂಡಿರುತ್ತಾರೆ.

ಮೊದಲು ಗೆಳೆಯನಿಗೆ ಹೇಳಿಬಿಡಿ

ಇದು ಎಲ್ಲಕ್ಕಿಂತ ಮುಖ್ಯ. "ನೋಡು ಮಗಾ, ನಾನು ಫಿಲಂ ಮಾತ್ರ ತರ್ತೀನಿ. ಸ್ಟುಡಿಯೋದವರ ಕೆಲಸ ಅವರು ಮಾಡ್ಲಿ. ನನ್ನ ಫೋಟೊ ಬರೋಕೆ ತಿಂಗಳಾಗಬಹುದು" ಅಂತ ಸ್ಪಷ್ಟವಾಗಿ ಹೇಳಿ. ಮದುವೆಗೆ ದುಡ್ಡು ಕೊಟ್ಟು ಕರೆಸಿದ ಫೋಟೊಗ್ರಾಫರ್ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. "ನೀನೇ ತೆಗೆದುಬಿಡು, ಬೇರೆಯವರು ಯಾಕೆ" ಅಂತ ಗೆಳೆಯ ಪ್ರೀತಿಯಿಂದ ಹೇಳಿದರೂ ಒಪ್ಪಿಕೊಳ್ಳಬೇಡಿ. ಮಾಂಗಲ್ಯಧಾರಣೆಯ ಒಂದೇ ಒಂದು ಫೋಟೊ ನಿಮ್ಮ ಒಂದು ರೋಲ್ ಮೇಲೆ ನಿಂತಿರಬಾರದು. ನೀವು ಮದುವೆಗೆ ಹೋದವರು, ಊಟ ಮಾಡಬೇಕು, ಅಕ್ಷತೆ ಹಾಕಬೇಕು, ಹುಡುಗನ ಪಕ್ಕ ನಿಂತು ನಗಬೇಕು. ಅದರ ನಡುವೆ ತೆಗೆದ ಫೋಟೊಗಳೇ ಆಮೇಲೆ ಮನಸ್ಸಿಗೆ ಹತ್ತಿರವಾಗುವುದು.

ಸ್ಟುಡಿಯೋದವರನ್ನೂ ಹಿಂದಿನ ಸಂಜೆಯೇ ಮಾತಾಡಿಸಿ. "ಅಣ್ಣಾ, ನಾನು ಹುಡುಗನ ಫ್ರೆಂಡು, ನಿಮಗೆ ಅಡ್ಡ ಬರಲ್ಲ, ನಾಳೆ ನಿಮ್ಮ ಲೈಟು ಯಾವ ಕಡೆ ಇಡ್ತೀರ?" ಅಂದರೆ ಸಾಕು. ಹಳಬರಾದರೆ ನಿಮ್ಮ ಕ್ಯಾಮೆರಾ ಕೈಗೆ ತಗೊಂಡು ನೋಡುತ್ತಾರೆ, ರೀಲು ಹಾಕಿ ಮದುವೆ ಮಾಡಿದ ಕಾಲದ ಕಥೆ ಹೇಳುತ್ತಾರೆ. ಅವರ ವಿಡಿಯೋ ಲೈಟು ನಾಳೆ ನಿಮಗೂ ಬೇಕು. ಅವರ ಸ್ನೇಹ ಇದ್ದರೆ ಅರ್ಧ ಸಮಸ್ಯೆ ಬಗೆಹರಿದ ಹಾಗೆ.

ಎಷ್ಟು ರೋಲು, ಯಾವ ರೋಲು

ಎರಡು ದಿನದ ಮದುವೆಗೆ ಆರರಿಂದ ಎಂಟು ರೋಲು ಧಾರಾಳ. 36ರ ಲೆಕ್ಕದಲ್ಲಿ ಎಂಟು ರೋಲ್ ಅಂದರೆ 288 ಫೋಟೊ. ಅತಿಥಿಯಾಗಿ ಹೋದವರಿಗೆ ಇದು ಕಮ್ಮಿ ಅಲ್ಲ. ರೋಲು ಜಾಸ್ತಿ ಒಯ್ದರೆ ಕೈ ಸಡಿಲವಾಗುತ್ತದೆ, ಒಂದೇ ದೃಶ್ಯವನ್ನು ನಾಲ್ಕು ಸಲ ಒತ್ತುತ್ತೀರಿ. ಖರ್ಚೂ ನೆನಪಿರಲಿ. ರೋಲಿಗೆ ಒಂದು ದುಡ್ಡು, ತೊಳೆಸಲು ಒಂದು, ಸ್ಕ್ಯಾನಿಗೆ ಇನ್ನೊಂದು.

ನನ್ನ ಹಂಚಿಕೆ ಹೀಗಿರುತ್ತದೆ. ಹಗಲು ಹೊರಗೆ ನಡೆಯುವುದಕ್ಕೆಲ್ಲ ಕೊಡಾಕ್ ಗೋಲ್ಡ್ 200. ಈ 200 ಅನ್ನೋದೇ ಅದರ ಐಎಸ್‌ಓ. ಅರಿಶಿನ, ಚೆಂಡುಹೂವು, ಬಾಳೆಕಂಬ, ರೇಷ್ಮೆ ಸೀರೆಯ ಕೆಂಪು, ಇವೆಲ್ಲ ಈ ಫಿಲಂನಲ್ಲಿ ಬೆಚ್ಚಗೆ ಬರುತ್ತವೆ, ನಮ್ಮ ಮದುವೆಗೇ ಮಾಡಿದಂತೆ ಅನ್ನಿಸುತ್ತದೆ. ಬೆಳಕು ಅರ್ಧಂಬರ್ಧ ಇರುವ ಕಡೆ, ಅಂದರೆ ಚಪ್ಪರದ ಕೆಳಗೆ, ಛತ್ರದ ಜಗಲಿಯಲ್ಲಿ, ಹೆಣ್ಣಿನ ಕೋಣೆಯ ಕಿಟಕಿ ಹತ್ತಿರ, ಪೋರ್ಟ್ರಾ 400. ಇದು ದುಬಾರಿ, ಆದರೆ ಮುಖದ ಬಣ್ಣ ಕೆಡುವುದಿಲ್ಲ, ಬೆಳಕು ಸ್ವಲ್ಪ ಜಾಸ್ತಿ ಬಿದ್ದರೂ ತಡೆದುಕೊಳ್ಳುತ್ತದೆ. ದುಡ್ಡು ನೋಡಬೇಕು ಅಂದರೆ ಅಲ್ಟ್ರಾಮ್ಯಾಕ್ಸ್ 400 ಕೂಡ ಆಗುತ್ತದೆ. ಬೆಳಗಿನ ಜಾವದ ಮುಹೂರ್ತಕ್ಕೆ, ರಾತ್ರಿಯ ಊಟದ ಮನೆಗೆ ಕಪ್ಪು ಬಿಳುಪು ಇಲ್ಫರ್ಡ್ ಎಚ್‌ಪಿ5. ಅದು 400ರ ಫಿಲಂ. ಆದರೆ ಕ್ಯಾಮೆರಾದಲ್ಲಿ 1600 ಅಂತ ಇಟ್ಟು ತೆಗೆದು, ತೊಳೆಸುವಾಗ ಲ್ಯಾಬಿನವರಿಗೆ "1600ಕ್ಕೆ ಪುಷ್ ಮಾಡಿ", ಅಂದರೆ ಹೆಚ್ಚು ಹೊತ್ತು ತೊಳೆಯಿರಿ ಅಂತ ಹೇಳಿದರೆ ಎರಡು ಸ್ಟಾಪ್ ಹೆಚ್ಚು ಸಿಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಒಂದು ವಿಷಯ ಮರೆಯಬೇಡಿ, ಪುಷ್ ಮಾಡುವುದಾದರೆ ಇಡೀ ರೋಲು 1600ರಲ್ಲೇ ಇರಬೇಕು. ಅರ್ಧ ರೋಲು 400, ಅರ್ಧ 1600 ಅಂದರೆ ಆಗುವುದಿಲ್ಲ, ರೋಲು ತೊಳೆಯುವುದು ಒಟ್ಟಿಗೇ ಅಲ್ವಾ.

ಸೀರಿಯಲ್ ಲೈಟು ತುಂಬಿದ ರಾತ್ರಿ ಕಾರ್ಯಕ್ರಮಕ್ಕೆ ಸಿನೆಸ್ಟಿಲ್ 800ಟಿ ಒಂದು ರೋಲ್ ಇಟ್ಟುಕೊಳ್ಳಬಹುದು. ಇದು ಸಿನಿಮಾಕ್ಕೆ ಬಳಸುವ ಕೊಡಾಕ್ ಫಿಲಂನ ಹಿಂದಿರುವ ಕಪ್ಪು ಪದರ ತೆಗೆದು ಮಾಡಿದ್ದು. ಆ ಪದರ ಬೆಳಕು ಹಿಂದಕ್ಕೆ ಚಿಮ್ಮದ ಹಾಗೆ ತಡೆಯುತ್ತಿತ್ತು. ಈಗ ಅದಿಲ್ಲದ ಕಾರಣ ಪ್ರತಿ ಬಲ್ಬಿನ ಸುತ್ತ ಕೆಂಪು ಹೊಗರು ಬರುತ್ತದೆ. ದೀಪಾಲಂಕಾರಕ್ಕೆ ಚೆಂದ. ಮುಹೂರ್ತಕ್ಕೆ ಬೇಡ, ದೀಪದ ಪಕ್ಕ ಕೂತ ಅಜ್ಜಿಯ ಮುಖದ ಮೇಲೆಲ್ಲ ಕೆಂಪು ಬಂದರೆ ಚೆನ್ನಾಗಿರುವುದಿಲ್ಲ.

ಹೊಸ ಫಿಲಂ ಪ್ರಯೋಗವನ್ನು ಮದುವೆ ಮನೆಯಲ್ಲಿ ಮಾಡಬೇಡಿ. ಮೊದಲೇ ಒಂದು ರೋಲ್ ಅದೇ ಕ್ಯಾಮೆರಾದಲ್ಲಿ ಹಾಕಿ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಂದು ಬೆಳಿಗ್ಗೆ ಓಡಾಡಿ ತೆಗೆದು, ತೊಳೆಸಿ ನೋಡಿ. ಅಲ್ಲಿ ಬಿಸಿಲೂ ಇದೆ, ತಗಡಿನ ಕೆಳಗಿನ ನೆರಳೂ ಇದೆ, ಬಲ್ಬಿನ ಬೆಳಕೂ ಇದೆ. ಕ್ಯಾಮೆರಾದ ಶಟರ್ ಸರಿಯಿದೆಯೋ, ಬೆಳಕು ಎಲ್ಲಾದರೂ ಒಳಗೆ ಸೋರುತ್ತಿದೆಯೋ ಅಂತಲೂ ಗೊತ್ತಾಗುತ್ತದೆ.

ಕ್ಯಾಮೆರಾ ಮತ್ತು ಬ್ಯಾಗು

ನಿಮ್ಮ ಹತ್ತಿರ ಇರುವ ಕ್ಯಾಮೆರಾನೇ ಸಾಕು, ಆದರೆ ಅದರ ಗುಣ ಗೊತ್ತಿರಲಿ. ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2 ಥರದವು ಬ್ಯಾಟರಿ ಸತ್ತರೂ ಕೆಲಸ ಮಾಡುತ್ತವೆ, ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆ. ಕ್ಯಾನನ್ ಎಇ-1ರ ಶಟರ್ ಬ್ಯಾಟರಿ ಇಲ್ಲದೆ ಬಿಡುವುದೇ ಇಲ್ಲ. ಅದಕ್ಕೆ 4ಎಲ್‌ಆರ್44 ಅನ್ನೋ ಆರು ವೋಲ್ಟಿನ ಬ್ಯಾಟರಿ ಬೇಕು, ಅದನ್ನು ಹಳ್ಳಿ ಅಂಗಡಿಯಲ್ಲಿ ಹುಡುಕುತ್ತಾ ಕೂರಬೇಡಿ, ಎರಡು ಮನೆಯಿಂದಲೇ ಇಟ್ಟುಕೊಳ್ಳಿ. ಎಲ್‌ಆರ್44 ಅನ್ನೋ ಚಿಕ್ಕ ಬಟನ್ ಬ್ಯಾಟರಿ, ಮೊದಲಿನ ಎರಡರ ಮೀಟರಿಗೆ ಬೇಕಾದ್ದು, ವಾಚ್ ಅಂಗಡಿಯಲ್ಲಿ ಸಿಗುತ್ತದೆ.

ಲೆನ್ಸು ಎರಡು ಸಾಕು, 50 ಎಂಎಂ ಮತ್ತು 35 ಎಂಎಂ. ಜೂಮ್ ಬೇಡ. ಹಳೆಯ ಜೂಮ್ ಲೆನ್ಸುಗಳಿಗೆ ಬೆಳಕು ಸಾಲದು, ಮದುವೆ ಮನೆಯ ಒಳಗೆ ಕೈ ಕಟ್ಟಿ ಹಾಕಿದ ಹಾಗೆ ಆಗುತ್ತದೆ. ಎರಡನೇ ಬಾಡಿ ಯಾರಾದರೂ ಕೊಟ್ಟರೆ ತಗೊಳ್ಳಿ, ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಕಪ್ಪು ಬಿಳುಪು. ಮಕ್ಕಳ ಕೈಗೆ ಕೊಡಲು ಕೊಡಾಕ್ ಎಕ್ಟಾರ್ ಎಚ್35 ಚೆನ್ನಾಗಿದೆ. ಅದು ಅರ್ಧ ಫ್ರೇಮಿನ ಕ್ಯಾಮೆರಾ, 36ರ ರೋಲಿನಲ್ಲಿ 72 ಫೋಟೊ ಬರುತ್ತದೆ. ಹಗಲು ಹೊರಗೆ ಮಾತ್ರ ಕೊಡಿ, ಅದರ ಲೆನ್ಸಿಗೆ ಕತ್ತಲು ಆಗುವುದಿಲ್ಲ. ಎಂಟು ಹತ್ತು ವರ್ಷದ ಮಕ್ಕಳು ತೆಗೆದ ಫೋಟೊದಲ್ಲಿ ಮದುವೆ ಅವರ ಎತ್ತರದಿಂದ ಕಾಣಿಸುತ್ತದೆ. ಅದು ನಮಗೆ ಎಷ್ಟು ಬಗ್ಗಿದರೂ ಸಿಗುವುದಿಲ್ಲ.

ವಿಮಾನದಲ್ಲಿ ಬರುವವರು ಫಿಲಂ ಅನ್ನು ಚೆಕ್‌ಇನ್ ಬ್ಯಾಗಿನಲ್ಲಿ ಹಾಕಲೇಬೇಡಿ. ಆ ಬ್ಯಾಗಿಗೆ ಹಾಕುವ ಎಕ್ಸ್‌ರೇ ಬಲವಾಗಿರುತ್ತದೆ, ತೊಳೆಯದ ಫಿಲಂ ಮಸುಕಾಗುತ್ತದೆ. ಕೈಚೀಲದ್ದಕ್ಕೂ ಕೆಲವು ವಿಮಾನ ನಿಲ್ದಾಣಗಳಲ್ಲಿ ಈಗ ಸಿಟಿ ಸ್ಕ್ಯಾನರ್ ಬಂದಿದೆ, ಅದೂ ಫಿಲಂಗೆ ಆಗದು. ರೋಲುಗಳನ್ನೆಲ್ಲ ಡಬ್ಬದಿಂದ ತೆಗೆದು ಒಂದು ಪಾರದರ್ಶಕ ಕವರಿನಲ್ಲಿ ಹಾಕಿ, ಸೆಕ್ಯುರಿಟಿಯವರಿಗೆ ಕೈಯಲ್ಲೇ ನೋಡಿ ಅಂತ ನಯವಾಗಿ ಕೇಳಿ. ಸ್ವಲ್ಪ ಬೇಗ ಹೋದರೆ ಅವರಿಗೂ ತಾಳ್ಮೆ ಇರುತ್ತದೆ, ನಿಮಗೂ ಇರುತ್ತದೆ. 800 ಮತ್ತು ಅದಕ್ಕಿಂತ ಜಾಸ್ತಿ ಐಎಸ್‌ಓ ಇರುವ ರೋಲಿಗೆ ಇದು ಕಡ್ಡಾಯ. ಬೆಂಗಳೂರಿನಿಂದ ರೈಲಿನಲ್ಲೋ ಕಾರಿನಲ್ಲೋ ಬಂದರೆ ಈ ತಲೆನೋವೇ ಇಲ್ಲ.

ಕಾರಿನಲ್ಲಿ ಬಂದರೆ ಇನ್ನೊಂದು ಎಚ್ಚರಿಕೆ ಬೇಕು. ವೈಶಾಖದ ಮದುವೆಗಳು ನಡೆಯುವುದು ಏಪ್ರಿಲ್, ಮೇ ಬಿಸಿಲಿನಲ್ಲಿ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲೋ ಡಿಕ್ಕಿಯಲ್ಲೋ ಫಿಲಂ ಇಟ್ಟರೆ ಬಣ್ಣ ಕೆಡುತ್ತದೆ. ಬ್ಯಾಗು ನಿಮ್ಮ ಜೊತೆ ರೂಮಿಗೆ ಬರಲಿ. ಫ್ರಿಜ್ಜಿನಲ್ಲಿ ಇಟ್ಟ ಫಿಲಂ ಆದರೆ ಹೊರಡುವ ಕೆಲವು ಗಂಟೆ ಮುಂಚೆ ತೆಗೆದಿಡಿ, ತಣ್ಣಗಿರುವಾಗಲೇ ಡಬ್ಬ ತೆರೆದರೆ ಒಳಗೆ ನೀರಿನ ಪಸೆ ಕೂರುತ್ತದೆ. ಎಸಿ ರೂಮಿನಿಂದ ಹೊರಗೆ ಬಂದ ತಕ್ಷಣ ಲೆನ್ಸು ಮಂಜಾಗುವುದೂ ಇದೇ ಕಾರಣಕ್ಕೆ, ಹತ್ತು ಹದಿನೈದು ನಿಮಿಷ ಬ್ಯಾಗಿನಲ್ಲೇ ಬಿಟ್ಟರೆ ಸರಿಹೋಗುತ್ತದೆ.

ಉಳಿದಂತೆ ಒಂದು ಮಾರ್ಕರ್ ಪೆನ್ನು, ಲೆನ್ಸು ಒರೆಸುವ ಬಟ್ಟೆ, ಚಿಕ್ಕ ನೋಟ್‌ಬುಕ್ಕು. ಅಷ್ಟೇ.

ಬೆಳಕು ಅಳೆಯುವುದು

ಬಿಸಿಲಿಗೆ ಹಳೆಯ ಲೆಕ್ಕವೇ ಸಾಕು. ನೆರಳು ಚೂಪಾಗಿ ಬೀಳುವ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ, ನಂಬರ್ ಚಿಕ್ಕದಾದಷ್ಟು ಕಿಂಡಿ ದೊಡ್ಡದು) ಎಫ್ 16, ಶಟರ್ ಫಿಲಂನ ಐಎಸ್‌ಓಗೆ ಹತ್ತಿರದ್ದು. 200ರ ಫಿಲಂ ಆದರೆ 1/250 ಸೆಕೆಂಡು, 400 ಆದರೆ 1/500. ಕಟ್ಟಡದ ನೆರಳಿಗೆ ಬಂದಿರಿ ಅಂದರೆ ಮೂರು ಸ್ಟಾಪ್ ತೆರೆಯಿರಿ, ಅಂದರೆ ಎಫ್ 5.6. ದಟ್ಟವಾದ ತೆಂಗಿನ ಗರಿ ಚಪ್ಪರದ ಕೆಳಗೆ ಗೋಲ್ಡ್ 200ಕ್ಕೆ ಎಫ್ 2.8, 1/125 ಸುಮಾರಾಗಿ ಸರಿಹೋಗುತ್ತದೆ. ಚಪ್ಪರದಲ್ಲಿ ಒಂದು ತೊಂದರೆ ಇದೆ. ಗರಿಗಳ ಸಂದಿನಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತದೆ. ಮೀಟರ್ ಆ ಚುಕ್ಕೆ ನೋಡಿ ಮೋಸ ಹೋಗುತ್ತದೆ. ನೆರಳಿನ ಭಾಗಕ್ಕೆ ಅಳೆಯಿರಿ, ಚುಕ್ಕೆಗಳು ಬೆಳ್ಳಗಾದರೆ ಆಗಲಿ.

ಬಣ್ಣದ ನೆಗೆಟಿವ್ ಫಿಲಂಗೆ ಬೆಳಕು ಕಮ್ಮಿ ಬೀಳುವುದಕ್ಕಿಂತ ಜಾಸ್ತಿ ಬೀಳುವುದೇ ವಾಸಿ. ಕಮ್ಮಿ ಆದರೆ ನೆರಳಿನ ಜಾಗ ಮಣ್ಣು ಬಣ್ಣಕ್ಕೆ ತಿರುಗಿ ಕಾಳು ಕಾಳಾಗುತ್ತದೆ, ಅದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ನಾನು ಗೋಲ್ಡ್ 200 ಹಾಕಿದಾಗ ಕ್ಯಾಮೆರಾದ ಐಎಸ್‌ಓ ಡಯಲನ್ನು 100ಕ್ಕೆ, ಪೋರ್ಟ್ರಾ 400 ಹಾಕಿದಾಗ 200ಕ್ಕೆ ಇಟ್ಟುಬಿಡುತ್ತೇನೆ. ಲ್ಯಾಬಿನವರಿಗೆ ಏನೂ ಹೇಳಬೇಕಿಲ್ಲ, ಮಾಮೂಲಿನಂತೆ ತೊಳೆದರೆ ಸಾಕು. ಸ್ಲೈಡ್ ಫಿಲಂಗೆ (ನೆಗೆಟಿವ್ ಬದಲು ನೇರವಾಗಿ ಫೋಟೊನೇ ಬರುವ ಫಿಲಂ) ಮಾತ್ರ ಈ ಮಾತು ಹೊಂದುವುದಿಲ್ಲ. ಅದನ್ನು ಮದುವೆಗೆ ತರುವುದೂ ಬೇಡ.

ನಮ್ಮ ಮದುವೆಯ ಬಟ್ಟೆಗಳು ಮೀಟರನ್ನು ದಾರಿ ತಪ್ಪಿಸುತ್ತವೆ. ಹುಡುಗನದು ಬಿಳಿ ಪಂಚೆ, ಬಿಳಿ ಅಂಗಿ, ತಲೆಗೆ ಮೈಸೂರು ಪೇಟ. ಮೀಟರಿಗೆ ಎಲ್ಲವೂ ಬೂದು ಬಣ್ಣ ಅಂತಲೇ ಲೆಕ್ಕ. ಬಿಳಿ ಕಂಡರೆ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕಮ್ಮಿ ಮಾಡು ಅನ್ನುತ್ತದೆ, ಹುಡುಗನ ಮುಖ ಕಪ್ಪಾಗುತ್ತದೆ. ಹುಡುಗಿಯ ಕಡು ಬಣ್ಣದ ರೇಷ್ಮೆಗೆ ಇದರ ಉಲ್ಟಾ, ಜೊತೆಗೆ ಜರಿ ಅಂಚು ಹೊಳೆದರೆ ಮುಳ್ಳು ಎಲ್ಲೆಲ್ಲೋ ಓಡುತ್ತದೆ. ಸುಲಭದ ದಾರಿ ನಿಮ್ಮ ಅಂಗೈ. ಅವರಿಗೆ ಬೀಳುವ ಬೆಳಕೇ ನಿಮ್ಮ ಅಂಗೈಗೂ ಬೀಳುವ ಹಾಗೆ ಹಿಡಿದು, ಅದಕ್ಕೆ ಮೀಟರ್ ನೋಡಿ, ಅಲ್ಲಿಂದ ಒಂದು ಸ್ಟಾಪ್ ತೆರೆಯಿರಿ. ಅಂಗೈ ಬೂದು ಬಣ್ಣಕ್ಕಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ, ಅದಕ್ಕೆ ಈ ಲೆಕ್ಕ. ಜಾಗಕ್ಕೆ ಹೋದ ತಕ್ಷಣ ಒಂದು ಸಲ ಹೀಗೆ ಅಳೆದು, ಮುಂದಿನ ಅರ್ಧ ಗಂಟೆ ಡಯಲ್ ಮುಟ್ಟದೆ ಫೋಟೊ ತೆಗೆಯಿರಿ. ಒಳಗಿನ ಬೆಳಕು ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ.

ಕಲ್ಯಾಣ ಮಂಟಪದ ಒಳಗೆ ಬರೀ ಟ್ಯೂಬ್‌ಲೈಟ್ ಇದ್ದರೆ 400ರ ಫಿಲಂಗೆ ಎಫ್ 2, 1/60 ಬೇಕಾಗುತ್ತದೆ. ವೇದಿಕೆ ಮೇಲೆ ವಿಡಿಯೋ ಲೈಟ್ ಹಚ್ಚಿದರೆ ಎಫ್ 2.8, 1/125 ತನಕ ಬರುತ್ತದೆ. ಎಲ್‌ಇಡಿ ದೀಪಗಳು ಈಗ ಎಲ್ಲಾ ಕಡೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ 1/250, 1/500ರಲ್ಲಿ ತೆಗೆದರೆ ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬರಬಹುದು. ಅಂಥ ಕಡೆ 1/60ರಲ್ಲಿ ಇರಿ. ಗೋಡೆಗೋ ಕಂಬಕ್ಕೋ ಒರಗಿ, ಉಸಿರು ಬಿಟ್ಟು ಒತ್ತಿದರೆ 1/30 ಕೂಡ ನಡುಗುವುದಿಲ್ಲ. ವೇದಿಕೆಯ ಹಿಂದೆ ಗುಲಾಬಿ, ನೇರಳೆ ದೀಪ ಬಿಟ್ಟಿದ್ದರೆ ಬಣ್ಣದ ಜೊತೆ ಹೋರಾಡಬೇಡಿ, ಕಪ್ಪು ಬಿಳುಪು ರೋಲ್ ಹಾಕಿಬಿಡಿ.

ಫ್ಲ್ಯಾಶ್ ಬೇಕಾದರೆ ಚಿಕ್ಕದೊಂದು ಸಾಕು. ಗೈಡ್ ನಂಬರ್ (ಫ್ಲ್ಯಾಶಿನ ಬಲದ ಅಳತೆ, 100ರ ಫಿಲಂಗೆ) 20 ಇರುವ ಫ್ಲ್ಯಾಶ್ 400ರ ಫಿಲಂಗೆ 40ರ ಲೆಕ್ಕ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ, ಐದು ಮೀಟರ್ ದೂರ ಇದ್ದರೆ ಎಫ್ 8. ಶಟರ್ ಸ್ಪೀಡ್ ನಿಮ್ಮ ಕ್ಯಾಮೆರಾದ ಸಿಂಕ್ (ಫ್ಲ್ಯಾಶ್ ಜೊತೆ ಹೊಂದುವ ಅತಿ ವೇಗದ ಶಟರ್) ಮೀರಬಾರದು, ಕೆ1000ಕ್ಕೆ ಅದು 1/60. ಮೀರಿದರೆ ಅರ್ಧ ಫೋಟೊ ಕಪ್ಪು. ಆರತಕ್ಷತೆಯ ಕುಣಿತಕ್ಕೆ ಫ್ಲ್ಯಾಶ್ ಚೆನ್ನಾಗಿರುತ್ತದೆ. ಶಾಸ್ತ್ರದ ಹೊತ್ತಿಗೆ ಬೇಡ, ಪುರೋಹಿತರ ಕಣ್ಣಿಗೆ ಹೊಡೆಯುತ್ತದೆ, ಹಿರಿಯರಿಗೂ ಕಿರಿಕಿರಿ.

ಮುಹೂರ್ತದ ಹೊತ್ತು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮುಹೂರ್ತಕ್ಕೆ ಅರ್ಧ ಗಂಟೆ ಇದೆ ಅನ್ನುವಾಗ ಕ್ಯಾಮೆರಾದ ಕೌಂಟರ್ ನೋಡಿ. 25 ದಾಟಿದ್ದರೆ ಆ ರೋಲನ್ನು ಅಲ್ಲಿಗೇ ಸುತ್ತಿ ತೆಗೆದು ಹೊಸದು ಹಾಕಿ. ಹತ್ತು ಫೋಟೊ ವ್ಯರ್ಥವಾಯಿತು ಅಂತ ಹೊಟ್ಟೆ ಉರಿಯಬಹುದು, ಪರವಾಗಿಲ್ಲ. ಗಟ್ಟಿಮೇಳ ಶುರುವಾದಾಗ ರೋಲ್ ಬದಲಾಯಿಸುತ್ತಾ ಕೂತರೆ ಆ ಹೊತ್ತು ಮತ್ತೆ ಬರುವುದಿಲ್ಲ. ರೋಲ್ ಹಾಕುವಾಗ ನೆರಳಿಗೆ ಹೋಗಿ, ಹಿಂದಿನ ಮುಚ್ಚಳ ಮುಚ್ಚಿ ಫಿಲಂ ಎಳೆಯುವಾಗ ಎಡಗಡೆಯ ರಿವೈಂಡ್ ತಿರುಗಣೆ ತಾನಾಗಿ ತಿರುಗುತ್ತಿದೆಯಾ ನೋಡಿ. ತಿರುಗಿದರೆ ಫಿಲಂ ಹಿಡಿದಿದೆ. ತಿರುಗದಿದ್ದರೆ ಒಳಗೆ ಜಾರಿದೆ, ಇಡೀ ಮುಹೂರ್ತ ತೆಗೆದರೂ ಒಂದು ಫೋಟೊ ಇರುವುದಿಲ್ಲ. ಪ್ರತಿ ರೋಲಿಗೂ ಇದನ್ನು ನೋಡಲೇಬೇಕು.

ನಮ್ಮ ಮದುವೆಯ ಒಂದು ಅನುಕೂಲ ಏನೆಂದರೆ, ಮುಂದೆ ಏನಾಗುತ್ತದೆ ಅಂತ ಸದ್ದೇ ಹೇಳುತ್ತದೆ. ಮಂತ್ರದ ಜೊತೆ ಓಲಗ ತಣ್ಣಗೆ ನಡೆಯುತ್ತಿರುತ್ತದೆ. ಪುರೋಹಿತರು ಕೈ ಎತ್ತಿ ಸನ್ನೆ ಮಾಡಿ "ಗಟ್ಟಿಮೇಳ, ಗಟ್ಟಿಮೇಳ" ಅಂದ ಕೂಡಲೇ ಡೋಲು ಜೋರಾಗುತ್ತದೆ. ಕಣ್ಣು ಓಲಗದವರ ಮೇಲೂ ಇರಲಿ. ಅವರು ಪುರೋಹಿತರ ಕೈಯನ್ನೇ ನೋಡುತ್ತಿರುತ್ತಾರೆ, ಅವರ ಮೈ ನೆಟ್ಟಗಾಯಿತು ಅಂದರೆ ನಿಮಗೆ ಎರಡು ಮೂರು ಸೆಕೆಂಡು ಮುಂಚೆಯೇ ಗೊತ್ತಾಯಿತು.

ಅಂತರಪಟಕ್ಕೆ ಹೀಗೆ ಮಾಡಿ. ವೇದಿಕೆಯ ಪಕ್ಕಕ್ಕೆ ಬನ್ನಿ, ಹುಡುಗ ಹುಡುಗಿ ಇಬ್ಬರೂ ನಿಮಗೆ ಅಡ್ಡಲಾಗಿ, ಒಂದೇ ದೂರದಲ್ಲಿ ಕಾಣಬೇಕು. ಮುಂದೆ ನಿಂತರೆ ಸ್ಟುಡಿಯೋದವರಿಗೂ ಅಡ್ಡ, ನಿಮಗೂ ಫೋಕಸ್ ಕಷ್ಟ. ಪಟ ಇನ್ನೂ ಹಿಡಿದಿರುವಾಗಲೇ ಅದರ ಅಂಚಿಗೆ ಫೋಕಸ್ ಮಾಡಿ ಇಟ್ಟುಕೊಳ್ಳಿ. 50 ಎಂಎಂ ಲೆನ್ಸಿನಲ್ಲಿ, ಎಫ್ 2.8ಕ್ಕೆ, ಮೂರು ಮೀಟರ್ ದೂರಕ್ಕೆ ಸುಮಾರು 60 ಸೆಂಟಿಮೀಟರ್ ಆಳ ಚೊಕ್ಕವಾಗಿ ಬರುತ್ತದೆ, ಇಬ್ಬರ ಮುಖಕ್ಕೂ ಅಷ್ಟು ಸಾಕು. ಪಟ ಇಳಿದ ತಕ್ಷಣ ಒತ್ತಬೇಡಿ. ಮೊದಲು ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಆಮೇಲೆ ಜೀರಿಗೆ ಬೆಲ್ಲ ತಲೆ ಮೇಲೆ ಇಡಲು ಕೈ ಎತ್ತುತ್ತಾರೆ, ಆಗ ಸುತ್ತಲಿನವರು ನಗುತ್ತಾರೆ. ಆ ನಗು ಬರುವ ಹೊತ್ತು ನಿಮ್ಮದು. ಅಕ್ಷತೆ ಬೀಳುವಾಗ ಕಾಳುಗಳು ಗಾಳಿಯಲ್ಲಿ ನಿಂತಂತೆ ಬೇಕಾದರೆ 1/250, ಗೆರೆ ಎಳೆದಂತೆ ಬೇಕಾದರೆ 1/60. ನನಗೆ ಗೆರೆಗಳೇ ಇಷ್ಟ.

ಧಾರೆ ಎರೆಯುವಾಗ ಮುಖಗಳನ್ನು ಬಿಟ್ಟು ಕೈಗಳನ್ನು ನೋಡಿ. ಅಪ್ಪ ಅಮ್ಮನ ಕೈ, ಮಗಳ ಕೈ, ಅಳಿಯನ ಕೈ, ತೆಂಗಿನಕಾಯಿ, ಮೇಲಿಂದ ಬೀಳುವ ಧಾರೆ, ಎಲ್ಲಾ ಒಂದರ ಮೇಲೊಂದು. ಕೆಳಗೆ ಕೂತು ತೆಗೆದರೆ ಚೆನ್ನಾಗಿ ಬರುತ್ತದೆ. ಕೂತರೆ ಹಿಂದಿರುವ ಅಜ್ಜ ಅಜ್ಜಿಯರಿಗೂ ಕಾಣಿಸುತ್ತದೆ.

ಮಾಂಗಲ್ಯಧಾರಣೆಗೆ ಎರಡೇ ಫೋಟೊ ತೆಗೆದು ಕ್ಯಾಮೆರಾ ಇಳಿಸಿ, ನೀವೂ ಅಕ್ಷತೆ ಹಾಕಿ. ಅಲ್ಲಿ ಸ್ಟುಡಿಯೋದವರು ಮೂರು ಕ್ಯಾಮೆರಾ ಇಟ್ಟಿರುತ್ತಾರೆ. ನೀವು ಇನ್ನೊಂದು ತೆಗೆಯಬೇಕಾದರೆ ಹಿಂದಕ್ಕೆ ತಿರುಗಿ, ಆ ಕ್ಷಣ ನೋಡುತ್ತಿರುವ ಹುಡುಗಿಯ ಅಪ್ಪನ ಮುಖ ತೆಗೆಯಿರಿ.

ಸ್ಟುಡಿಯೋದವರು ತೆಗೆಯದ್ದು

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಅಡುಗೆ ಮನೆಗೆ ಹೋಗಿ. ದೊಡ್ಡ ಕೊಳಗ, ಸೌದೆ ಒಲೆ ಇದ್ದರೆ ಅದರ ಬೆಂಕಿ, ಆವಿಯ ನಡುವೆ ಓಡಾಡುವ ಅಡುಗೆ ಭಟ್ಟರು. ಎಚ್‌ಪಿ5 1600ರಲ್ಲಿ, ಎಫ್ 2, 1/125 ಅಥವಾ 1/60. ಮೊದಲು ಮಾತಾಡಿಸಿ, ಒಂದು ಲೋಟ ಕಾಫಿ ಅವರೇ ಕೊಡುತ್ತಾರೆ, ಕುಡಿದು ಆಮೇಲೆ ಕ್ಯಾಮೆರಾ ತೆಗೆಯಿರಿ. ಓಲಗದವರು ಪೀಪಿ ಸರಿಮಾಡಿಕೊಳ್ಳುವುದು, ಮೊಗ್ಗು ಕಟ್ಟುತ್ತಾ ಕೂತ ಅಜ್ಜಿಯರು, ಪೇಟ ಸರಿಯಾಗಿ ಕೂರದೆ ಒದ್ದಾಡುವ ಸೋದರಮಾವ, ಜಮಖಾನದ ಮೇಲೆ ಹೊಸ ಬಟ್ಟೆಯಲ್ಲೇ ನಿದ್ದೆ ಹೋದ ಮಕ್ಕಳು, ತಾಂಬೂಲದ ಚೀಲಕ್ಕೆ ಕಾಯಿ ತುಂಬುವವರು. ಆಲ್ಬಮ್ಮಿನಲ್ಲಿ ಇವರಿಗೆಲ್ಲ ಜಾಗ ಸಿಗುವುದು ಕಮ್ಮಿ. ನಿಮ್ಮ ರೋಲಿನ ಅರ್ಧ ಇವರಿಗೇ ಇಟ್ಟುಬಿಡಿ.

ಹಗಲಿನ ಓಡಾಟಕ್ಕೆ ಫೋಕಸ್ ಮಾಡುತ್ತಾ ಕೂರದೆ ಇರಲು ಒಂದು ದಾರಿ. 35 ಎಂಎಂ ಲೆನ್ಸನ್ನು ಎಫ್ 8ಕ್ಕೆ ಇಟ್ಟು, ಫೋಕಸ್ ಮೂರು ಮೀಟರಿಗೆ ನಿಲ್ಲಿಸಿ. ಸುಮಾರು ಎರಡು ಮೀಟರಿನಿಂದ ಏಳು ಮೀಟರ್ ತನಕ ಎಲ್ಲವೂ ಚೊಕ್ಕವಾಗಿ ಬರುತ್ತದೆ. ಕ್ಯಾಮೆರಾ ಎತ್ತಿ ಒತ್ತಿದರೆ ಮುಗಿಯಿತು. ಪಂಕ್ತಿ ಊಟಕ್ಕೆ, ಬೀಗರೂಟದ ಶಾಮಿಯಾನಕ್ಕೆ ಇದು ಹೇಳಿ ಮಾಡಿಸಿದ್ದು, ಆದರೆ ಶಾಮಿಯಾನದಲ್ಲಿ 400ರ ರೋಲ್ ಇರಲಿ. ಕೆಂಪು ಹಳದಿ ಶಾಮಿಯಾನದ ಕೆಳಗೆ ಮುಖಕ್ಕೂ ಅದೇ ಬಣ್ಣ ಬರುತ್ತದೆ, ಅದು ಮದುವೆಯದೇ ಬಣ್ಣ, ಇರಲಿ ಬಿಡಿ. ಮಂಡ್ಯ ಕಡೆಯ ಬೀಗರೂಟ ತಪ್ಪಿಸಿಕೊಳ್ಳಬೇಡಿ. ಮುದ್ದೆ, ಮಟನ್ ಸಾರು ಬಡಿಸುವಾಗ ಬೀಗರು ಒಬ್ಬರಿಗೊಬ್ಬರು ಒತ್ತಾಯ ಮಾಡುವ ಮುಖಗಳಿವೆಯಲ್ಲ, ಮುಹೂರ್ತದ ಗಾಬರಿ ಇಳಿದ ಮೇಲೆ ಮಾತ್ರ ಅವು ಸಿಗುತ್ತವೆ.

ಅರಿಶಿನ ಶಾಸ್ತ್ರದಲ್ಲಿ ಕ್ಯಾಮೆರಾ ಜೋಪಾನ. ಲೆನ್ಸಿಗೆ ಒಂದು ಯುವಿ ಫಿಲ್ಟರ್ ಹಾಕಿ, ಅರಿಶಿನದ ಕೈಯಲ್ಲಿ ಯಾರಾದರೂ ನಿಮ್ಮ ಕೆನ್ನೆಗೆ ಹಚ್ಚಲು ಬಂದೇ ಬರುತ್ತಾರೆ. ಹಚ್ಚಿಸಿಕೊಳ್ಳಿ, ಕ್ಯಾಮೆರಾ ಮಾತ್ರ ಬೆನ್ನ ಹಿಂದೆ ಇರಲಿ.

ಜೋಡಿಯ ಫೋಟೊಗೆ ಅರ್ಧ ಗಂಟೆ ಸಿಕ್ಕರೆ ಮೇಲುಕೋಟೆಯಲ್ಲಿ ಕಲ್ಯಾಣಿಯ ಸುತ್ತಲಿನ ಕಲ್ಲು ಮಂಟಪಗಳಿಗೆ ಕರೆದುಕೊಂಡು ಹೋಗಿ. ಕಂಬಗಳ ಸಾಲಿನ ಒಳಗೆ ನೆರಳು, ಹೊರಗೆ ಬಿಸಿಲು ಬಿದ್ದ ಮೆಟ್ಟಿಲುಗಳಿಂದ ಚಿಮ್ಮುವ ಮೆತ್ತನೆಯ ಬೆಳಕು. ಯಾವ ರಿಫ್ಲೆಕ್ಟರೂ ಬೇಕಾಗಿಲ್ಲ. ಬೆಳಿಗ್ಗೆ ಬೇಗ ಹೋದರೆ ಜನ ಕಮ್ಮಿ. ದೇವಸ್ಥಾನದ ಒಳಗೆ ಕ್ಯಾಮೆರಾ ತೆಗೆಯುವ ಮುಂಚೆ ಅಲ್ಲಿಯವರನ್ನು ಕೇಳಿ, ಗರ್ಭಗುಡಿಯ ಕಡೆ ಎತ್ತಲೇಬೇಡಿ. ಶ್ರೀರಂಗಪಟ್ಟಣದ ಕಡೆ ಮದುವೆಯಾದರೆ ನದಿ ದಡಕ್ಕೆ ಸೂರ್ಯ ಇಳಿಯುವ ಮುಂಚಿನ ಒಂದು ಗಂಟೆ. ನೀರಿನ ಹೊಳಪು ಮೀಟರನ್ನು ಮತ್ತೆ ಮೋಸ ಮಾಡುತ್ತದೆ, ಅಂಗೈ ನೆನಪಿರಲಿ. ಮೈಸೂರಿನಲ್ಲೇ ಇದ್ದು, ಮದುವೆಯ ಆಚೀಚೆ ಭಾನುವಾರ ಬಂದರೆ ಸಂಜೆ ಅರಮನೆಯ ದೀಪಾಲಂಕಾರಕ್ಕೆ ಎಲ್ಲರನ್ನೂ ಎಬ್ಬಿಸಿಕೊಂಡು ಹೋಗಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತುತ್ತವೆ. ದೀಪ ಹತ್ತುವ ಮುಂಚೆ ಆಕಾಶದಲ್ಲಿ ಇನ್ನೂ ನೀಲಿ ಇರುವಾಗಲೇ ಜಾಗ ಹಿಡಿದು ನಿಲ್ಲಿ. ಅರಮನೆಗೆ ಬೆನ್ನು ಹಾಕಿ ನಿಮ್ಮವರ ಕಡೆ ತಿರುಗಿದರೆ ಅಷ್ಟೂ ಬೆಳಕು ಅವರ ಮುಖದ ಮೇಲೆ ಇರುತ್ತದೆ.

ಮುಗಿದ ಮೇಲೆ

ರೋಲು ಮುಗಿದಾಗ ಫಿಲಂನ ನಾಲಿಗೆ ಪೂರ್ತಿ ಒಳಗೆ ಹೋಗುವ ತನಕ ಸುತ್ತಿ. ಹೊರಗೆ ಇದ್ದರೆ ಗಡಿಬಿಡಿಯಲ್ಲಿ ಅದೇ ರೋಲನ್ನು ಮತ್ತೆ ಹಾಕುವ ಸಾಧ್ಯತೆ ಇದೆ. ಡಬ್ಬಿಯ ಮೇಲೆ ಮಾರ್ಕರಿನಲ್ಲಿ ನಂಬರ್, ಯಾವ ಶಾಸ್ತ್ರ, ಪುಷ್ ಇದ್ದರೆ 1600 ಅಂತ ಬರೆಯಿರಿ. ನೋಟ್‌ಬುಕ್ಕಿನಲ್ಲೂ ಒಂದು ಸಾಲು.

ತೊಳೆಸುವುದನ್ನು ಮುಂದೂಡಬೇಡಿ. ಲ್ಯಾಬಿಗೆ ಮೊದಲೇ ಫೋನ್ ಮಾಡಿ ಕೇಳಬೇಕಾದ್ದು ಮೂರು. ಬಣ್ಣದ ಫಿಲಂನ ಸಿ-41 ರಾಸಾಯನಿಕ ಯಾವಾಗ ಹೊಸದಾಗಿ ಹಾಕುತ್ತೀರಿ, ಕಪ್ಪು ಬಿಳುಪು ಪುಷ್ ಮಾಡುತ್ತೀರಾ, ನೆಗೆಟಿವ್ ವಾಪಸ್ ಕೊಡುತ್ತೀರಾ. ಕೊನೆಯದನ್ನು ಗಟ್ಟಿಯಾಗಿ ಕೇಳಿ. ಸ್ಕ್ಯಾನ್ ಕಳಿಸಿ ನೆಗೆಟಿವ್ ಎಸೆಯುವ ಕಡೆಗಳೂ ಇವೆ. ಎಲ್ಲಾ ರೋಲನ್ನೂ ಒಂದೇ ಸಲ ಕೊಡದೆ ಎರಡು ಭಾಗ ಮಾಡಿ, ಪ್ರತಿ ಭಾಗದಲ್ಲೂ ಮುಹೂರ್ತದ್ದು, ಆರತಕ್ಷತೆಯದ್ದು ಸ್ವಲ್ಪ ಸ್ವಲ್ಪ ಬರುವ ಹಾಗೆ ಹಂಚಿ. ಒಂದು ಕಡೆ ಏನಾದರೂ ಹೆಚ್ಚು ಕಮ್ಮಿಯಾದರೂ ಇನ್ನೊಂದು ಉಳಿಯುತ್ತದೆ. ಆದಷ್ಟು ಕೈಯಾರೆ ಕೊಟ್ಟು ಬನ್ನಿ, ಕೊರಿಯರ್ ಕೊನೆಯ ದಾರಿ.

ಸ್ಕ್ಯಾನ್ ಬಂದ ಮೇಲೆ ಎಲ್ಲವನ್ನೂ ಗ್ರೂಪಿಗೆ ಸುರಿಯಬೇಡಿ. ನಲವತ್ತು ಐವತ್ತು ಆರಿಸಿ, 4x6 ಪ್ರಿಂಟ್ ಹಾಕಿಸಿ, ಹಳೆಯ ಥರದ ಆಲ್ಬಮ್ಮಿನಲ್ಲಿ ಹಚ್ಚಿ ಗೆಳೆಯನಿಗೆ ಕೊಡಿ. ನೆಗೆಟಿವ್‌ಗಳನ್ನು ಅವಕ್ಕೆಂದೇ ಇರುವ ಕವರಿನಲ್ಲಿ ಹಾಕಿ ಅದರ ಜೊತೆಗೇ ಕೊಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಲು ಹೇಳಿ. ಅಡುಗೆ ಭಟ್ಟರಿಗೆ, ಓಲಗದವರಿಗೆ, ಮೊಗ್ಗು ಕಟ್ಟಿದ ಅಜ್ಜಿಗೆ ಅವರವರ ಫೋಟೊದ ಒಂದೊಂದು ಪ್ರಿಂಟ್ ತಲುಪಿಸಿ. ಅದಕ್ಕೆ ಅವರ ಫೋನ್ ನಂಬರು, ಊರು ಮದುವೆ ದಿನವೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಬೇಕು.